ಹೊಗೆಗೆ ಬೆಲೆ ಕಟ್ಟಲು ಹೊರಟು ಪ್ರಧಾನಿಗಳನ್ನೇ ಕಳೆದುಕೊಂಡ ಆಸ್ಟ್ರೇಲಿಯಾ: ಏನಿದು ಕಾರ್ಬನ್ ತೆರಿಗೆ ಜಗಳ?

ಯುದ್ಧ ಇಲ್ಲ, ದಂಗೆ ಇಲ್ಲ. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಉರುಳಿ ಜಗತ್ತೇ ತತ್ತರಿಸಿದಾಗಲೂ ಆರ್ಥಿಕ ಹಿಂಜರಿತಕ್ಕೆ ಬೀಳದೆ ಬಚಾವಾದ ದೇಶ ಅದು. ಆದರೂ 2007ರಿಂದ 2018ರವರೆಗಿನ ಹನ್ನೊಂದು ವರ್ಷಗಳಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಕುರ್ಚಿ ಆರು ಸಲ ಕೈ ಬದಲಾಯಿಸಿತು. ಇದರಲ್ಲಿ ಜನ ಓಟು ಹಾಕಿ ಬದಲಾಯಿಸಿದ್ದು ಎರಡೇ ಸಲ. ಉಳಿದ ನಾಲ್ಕು ಸಲ ಸ್ವಂತ ಪಕ್ಷದವರೇ ತಮ್ಮ ನಾಯಕನನ್ನು ಕೆಳಗಿಳಿಸಿದರು. ಎಲ್ಲದಕ್ಕೂ ಒಂದೇ ಕಾರಣ ಅಂತ ಹೇಳಿದರೆ ತಪ್ಪಾಗುತ್ತದೆ. ಆದರೆ ಈ ಹೆಚ್ಚಿನ ಬದಲಾವಣೆಗಳ ಹಿಂದೆ ಒಂದೇ ಪ್ರಶ್ನೆಯ ವಾಸನೆ ಇದೆ: ವಿದ್ಯುತ್ ಸ್ಥಾವರಗಳು, ಕಾರ್ಖಾನೆಗಳು ಆಕಾಶಕ್ಕೆ ಬಿಡುವ ಇಂಗಾಲದ ಹೊಗೆಗೆ ದುಡ್ಡು ವಸೂಲು ಮಾಡಬೇಕೇ, ಬೇಡವೇ?

ಇದು ದೂರದ ದೇಶದ ಜಗಳ, ನಮಗೆಂತಕ್ಕೆ ಅಂತ ಕೇಳುವವರಿದ್ದಾರೆ. ಭಾರತದ ಉಕ್ಕು ಕಾರ್ಖಾನೆಗಳು ಉರಿಸುವ ಕೋಕಿಂಗ್ ಕಲ್ಲಿದ್ದಲಿನ ದೊಡ್ಡ ಪಾಲು ಬರುವುದು ಆಸ್ಟ್ರೇಲಿಯಾದಿಂದ. ಅಲ್ಲಿನ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಕಾರ್ಮೈಕಲ್ ಗಣಿ ತೆರೆದ ಅದಾನಿ ಸಮೂಹವೇ 2015ರಲ್ಲಿ ನಮ್ಮ ಉಡುಪಿಯ ಯಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನೂ ಖರೀದಿಸಿದ್ದು. ಹೊಗೆಗೆ ಬೆಲೆ ಕಟ್ಟುವ ಕೆಲಸ ಈಗ ಭಾರತದಲ್ಲೂ ಶುರುವಾಗಿದೆ. ಹಾಗಾಗಿ ಈ ಕಥೆ ಗೊತ್ತಿರುವುದು ಒಳ್ಳೆಯದು.

ಬೆಲೆ ಕಟ್ಟುವುದು ಅಂದರೇನು?

ಒಂದು ತೋಡಿನ ಮೇಲ್ಭಾಗದಲ್ಲಿ ಫ್ಯಾಕ್ಟರಿ ಇದೆ ಎಂದಿಟ್ಟುಕೊಳ್ಳಿ. ಕೊಳಕು ನೀರನ್ನು ತೋಡಿಗೇ ಬಿಡುತ್ತದೆ. ಫ್ಯಾಕ್ಟರಿಯವನಿಗೆ ಅದರಿಂದ ಒಂದು ಪೈಸೆ ಖರ್ಚಿಲ್ಲ. ಖರ್ಚೆಲ್ಲ ಕೆಳಗಿನವರದ್ದು. ಬಾವಿ ಹಾಳಾದವರು, ಗದ್ದೆ ಹಾಳಾದವರು, ಮಕ್ಕಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು. ಆ ಫ್ಯಾಕ್ಟರಿಗೆ, ಬಿಡುವ ಪ್ರತಿ ಸಾವಿರ ಲೀಟರಿಗೆ ಇಷ್ಟು ಅಂತ ದರ ಹಾಕಿದರೆ ಏನಾಗುತ್ತದೆ? ನೀರು ಶುದ್ಧ ಮಾಡುವ ಯಂತ್ರದ ಬಗ್ಗೆ ಮಾಲಕ ಮೊದಲ ಬಾರಿಗೆ ವಿಚಾರಿಸುತ್ತಾನೆ. ಯಾರ ಉಪದೇಶವೂ ಬೇಕಾಗಿಲ್ಲ, ಲೆಕ್ಕದ ಪುಸ್ತಕವೇ ಅವನಿಗೆ ಹೇಳುತ್ತದೆ.

ಕಾರ್ಬನ್ ಬೆಲೆಯ ತರ್ಕವೂ ಇಷ್ಟೇ. ಇದನ್ನು ಜಾರಿ ಮಾಡಲು ಎರಡು ದಾರಿ ಇದೆ. ಟನ್ನಿಗೆ ಇಷ್ಟು ಅಂತ ಸರಕಾರ ದರ ನಿಗದಿ ಮಾಡಿದರೆ ಅದು ತೆರಿಗೆ. ದೇಶದಲ್ಲಿ ಒಟ್ಟು ಇಷ್ಟೇ ಟನ್ ಹೊಗೆ ಬಿಡಬಹುದು ಅಂತ ಮಿತಿ ಹಾಕಿ, ಅಷ್ಟಕ್ಕೆ ಪರ್ಮಿಟ್ ಕೊಟ್ಟು, ಆ ಪರ್ಮಿಟ್‌ಗಳನ್ನು ಕಂಪೆನಿಗಳು ತಮ್ಮೊಳಗೆ ಮಾರಿಕೊಳ್ಳಲು ಬಿಟ್ಟರೆ ಅದು ವ್ಯಾಪಾರ ಪದ್ಧತಿ. ಮೊದಲನೆಯದರಲ್ಲಿ ಬೆಲೆ ಖಚಿತ, ಹೊಗೆಯ ಪ್ರಮಾಣ ಖಚಿತವಲ್ಲ. ಎರಡನೆಯದರಲ್ಲಿ ಪ್ರಮಾಣ ಖಚಿತ, ಬೆಲೆ ಮಾರುಕಟ್ಟೆಗೆ ಬಿಟ್ಟದ್ದು. ಕಂಪೆನಿಗೆ ಬೀಳುವ ಹೊರೆಯ ದೃಷ್ಟಿಯಿಂದ ಎರಡರ ನಡುವೆ ದೊಡ್ಡ ವ್ಯತ್ಯಾಸವಿಲ್ಲ. ಆದರೆ ರಾಜಕೀಯದಲ್ಲಿ ‘ತೆರಿಗೆ’ ಎಂಬ ಒಂದು ಶಬ್ದದಿಂದಲೇ ಆಕಾಶ ಭೂಮಿಯಷ್ಟು ವ್ಯತ್ಯಾಸವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಆದದ್ದೇ ಅದು.

ಆ ದೇಶದ ಸ್ಥಿತಿಯನ್ನೂ ತಿಳಿದಿರಬೇಕು. ತಲಾ ಲೆಕ್ಕದಲ್ಲಿ ಅತಿ ಹೆಚ್ಚು ಹೊಗೆ ಬಿಡುವ ಶ್ರೀಮಂತ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದು. ಈ ಶತಮಾನದ ಆರಂಭದಲ್ಲಿ ಅಲ್ಲಿನ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದಲೇ ಬರುತ್ತಿತ್ತು. ವಿಕ್ಟೋರಿಯಾ ರಾಜ್ಯದ ಲಟ್ರೋಬ್ ಕಣಿವೆಯಲ್ಲಂತೂ ಸಿಗುವುದು ಕಂದು ಕಲ್ಲಿದ್ದಲು, ಅರ್ಧಕ್ಕಿಂತ ಹೆಚ್ಚು ನೀರೇ ತುಂಬಿರುವ ಕಳಪೆ ಇಂಧನ. ಕಣಿವೆಯ ಹಳೇ ಸ್ಥಾವರಗಳಲ್ಲಿ ಸಾವಿರ ಯೂನಿಟ್ ಕರೆಂಟು ಮಾಡಲು ಒಂದೂವರೆ ಟನ್‌ವರೆಗೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತಿತ್ತು. ಆದರೆ ಅಲ್ಲಿನ ಕುಟುಂಬಗಳು ಮೂರು ತಲೆಮಾರಿನಿಂದ ಅದರಲ್ಲೇ ಅನ್ನ ಕಂಡಿದ್ದವು. ಹೊಗೆಯ ಲೆಕ್ಕ ಹೇಳುವಾಗ ಇದನ್ನು ಮರೆತರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಒಂದು ಓಟಿನ ಅಂತರ

ಮೊದಲು ಇದು ಎಡ–ಬಲದ ಜಗಳವೇ ಆಗಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ‘ಲಿಬರಲ್’ ಎಂದರೆ ಬಲಪಂಥೀಯ, ಸಂಪ್ರದಾಯವಾದಿ ಪಕ್ಷ. ಹೆಸರು ನೋಡಿ ಗೊಂದಲ ಆಗಬಾರದು. ಗ್ರಾಮೀಣ ಪ್ರದೇಶದ ನ್ಯಾಷನಲ್ಸ್ ಪಕ್ಷ ಅದರ ಖಾಯಂ ಜೊತೆಗಾರ. ಎದುರಿಗಿರುವುದು ಕಾರ್ಮಿಕರ ಲೇಬರ್ ಪಕ್ಷ. ಲಿಬರಲ್ ಪ್ರಧಾನಿ ಜಾನ್ ಹೋವರ್ಡ್ ಕ್ಯೋಟೋ ಒಪ್ಪಂದವನ್ನು ಅಂಗೀಕರಿಸಲು ಒಪ್ಪದವರು. ಅಂಥವರೂ 2007ರ ಚುನಾವಣೆಗೆ ಹೋಗುವಾಗ ಹೊಗೆಯ ಪರ್ಮಿಟ್ ವ್ಯಾಪಾರ ಪದ್ಧತಿ ತರುತ್ತೇವೆ ಅಂತ ಭರವಸೆ ಕೊಟ್ಟಿದ್ದರು. ಲೇಬರ್‌ನ ಕೆವಿನ್ ರಡ್ ಕೂಡಾ ಅದನ್ನೇ ಹೇಳಿದರು. ಗೆದ್ದದ್ದು ರಡ್. ಹವಾಮಾನ ಬದಲಾವಣೆ ನಮ್ಮ ತಲೆಮಾರಿನ ಮಹಾ ನೈತಿಕ ಸವಾಲು ಎಂದು ಸಾರಿದವರು ಅವರು. ಪ್ರಧಾನಿಯಾದ ಮೊದಲ ದಿನವೇ, 2007ರ ಡಿಸೆಂಬರ್ 3ರಂದು, ಕ್ಯೋಟೋ ಒಪ್ಪಂದದ ಅಂಗೀಕಾರಕ್ಕೆ ಸಹಿ ಹಾಕಿದರು.

ಎರಡೂ ಪಕ್ಷಗಳು ಒಪ್ಪಿದ ಮೇಲೆ ತೊಂದರೆ ಎಲ್ಲಿಂದ ಬಂತು? ವಿವರಗಳಿಂದ ಬಂತು. ರಡ್ ಸರಕಾರದ ಮಸೂದೆಯಲ್ಲಿ 2020ರೊಳಗೆ 2000ನೇ ಇಸವಿಯ ಮಟ್ಟಕ್ಕಿಂತ ಬರೀ ಶೇ. 5ರಷ್ಟು ಇಳಿಸುವ ಗುರಿ ಇತ್ತು. ದೊಡ್ಡ ಕಂಪೆನಿಗಳಿಗೆ ಧಾರಾಳವಾಗಿ ಉಚಿತ ಪರ್ಮಿಟ್. ಇದು ಸಾಲದು, ಹೊಗೆ ಬಿಡುವವರಿಗೇ ಬಹುಮಾನ ಕೊಟ್ಟಂತಾಯಿತು ಅಂತ ಗ್ರೀನ್ಸ್ ಪಕ್ಷ ಸಿಟ್ಟಾಯಿತು. ಇದು ಜಾಸ್ತಿಯಾಯಿತು ಅಂತ ಗಣಿ ಕಂಪೆನಿಗಳು ಸಿಟ್ಟಾದವು. ಸೆನೆಟ್ (ನಮ್ಮ ರಾಜ್ಯಸಭೆಯ ಹಾಗಿನ ಮೇಲ್ಮನೆ, ಆದರೆ ಅಲ್ಲಿ ಜನರೇ ನೇರ ಆಯ್ಕೆ ಮಾಡುತ್ತಾರೆ) 2009ರ ಆಗಸ್ಟ್‌ನಲ್ಲಿ ಮಸೂದೆಯನ್ನು ತಿರಸ್ಕರಿಸಿತು.

ಆಗ ವಿರೋಧ ಪಕ್ಷದ ನಾಯಕ ಮಾಲ್ಕಮ್ ಟರ್ನ್‌ಬುಲ್. ಸರಕಾರದ ಜೊತೆ ಕೂತು ಮಾತಾಡಿ ಮಸೂದೆಗೆ ಒಪ್ಪಿಗೆ ಕೊಡಲು ತಯಾರಾದರು. ಅವರದೇ ಪಕ್ಷ ಒಡೆದ ಮಡಕೆಯಾಯಿತು. 2009ರ ಡಿಸೆಂಬರ್ 1ರಂದು ನಾಯಕತ್ವಕ್ಕೆ ಓಟು ನಡೆದಾಗ ಟೋನಿ ಅಬಾಟ್‌ಗೆ 42, ಟರ್ನ್‌ಬುಲ್‌ಗೆ 41. ಒಂದು ಮತಪತ್ರದ ಮೇಲೆ ಯಾರೋ ಹೆಸರಿನ ಬದಲು ‘ಬೇಡ’ ಅಂತ ಬರೆದು ಹಾಕಿದ್ದರು, ಅದು ಅಸಿಂಧು. ಅಂದರೆ ಒಂದೇ ಒಂದು ಓಟು. ತಮಾಷೆ ಏನೆಂದರೆ, ಇಂಗಾಲಕ್ಕೆ ಬೆಲೆ ಕಟ್ಟಬೇಕೆಂದಿದ್ದರೆ ಸರಳವಾಗಿ ಒಂದು ತೆರಿಗೆ ಹಾಕಿದರೆ ಸಾಕಲ್ಲವೇ ಅಂತ ಅದೇ ವರ್ಷ ಜುಲೈಯಲ್ಲಿ ಟಿವಿಯಲ್ಲಿ ಕೇಳಿದ್ದವರು ಇದೇ ಅಬಾಟ್.

ಮರುದಿನ, ಡಿಸೆಂಬರ್ 2ರಂದು, ಸೆನೆಟ್‌ನಲ್ಲಿ ಮಸೂದೆ 41–33ರಿಂದ ಮತ್ತೆ ಬಿತ್ತು. ಇಬ್ಬರು ಲಿಬರಲ್ ಮಹಿಳಾ ಸೆನೆಟರ್‌ಗಳು ಪಕ್ಷದ ಗೆರೆ ದಾಟಿ ಸರಕಾರದ ಪರ ಓಟು ಹಾಕಿದರು. ಐವರು ಗ್ರೀನ್ಸ್ ಸೆನೆಟರ್‌ಗಳು ವಿರೋಧವಾಗಿ ಓಟು ಹಾಕಿದರು. ಲೆಕ್ಕ ಹಾಕಿ ನೋಡಿ: ಆ ಐದು ಓಟು ಈ ಕಡೆ ಬಂದಿದ್ದರೆ 38–36. ಮಸೂದೆ ಪಾಸಾಗುತ್ತಿತ್ತು. ಅರ್ಧ ರೊಟ್ಟಿ ಬೇಡ ಎಂದು ಹಸಿದುಕೊಂಡೇ ಎದ್ದುಹೋದರು ಅಂತ ಲೇಬರ್‌ನವರು ಇಂದಿಗೂ ಗ್ರೀನ್ಸ್ ಪಕ್ಷವನ್ನು ಹಂಗಿಸುತ್ತಾರೆ. ಆ ಮಸೂದೆ ಪಾಸಾಗಿದ್ದರೆ ದುರ್ಬಲ ಗುರಿಯೇ ವರ್ಷಗಟ್ಟಲೆ ಕಲ್ಲಿನ ಮೇಲೆ ಕೆತ್ತಿದ ಹಾಗೆ ಉಳಿಯುತ್ತಿತ್ತು ಎಂಬುದು ಗ್ರೀನ್ಸ್ ವಾದ. ಎರಡರಲ್ಲೂ ಹುರುಳಿದೆ. ಆದರೆ ಎರಡೂ ದೊಡ್ಡ ಪಕ್ಷಗಳು ಒಂದೇ ಮೇಜಿನಲ್ಲಿ ಕೂತ ಸಂದರ್ಭ ಮತ್ತೆ ಬರಲಿಲ್ಲ ಎಂಬುದೂ ನಿಜ.

ಎರಡು ಸಲ ತಿರಸ್ಕೃತವಾದ ಮಸೂದೆ ಇಟ್ಟುಕೊಂಡು ಎರಡೂ ಸದನ ವಿಸರ್ಜಿಸಿ ಚುನಾವಣೆಗೆ ಹೋಗುವ ಅವಕಾಶ ರಡ್‌ಗೆ ಇತ್ತು. ಹೋಗಲಿಲ್ಲ. 2010ರ ಏಪ್ರಿಲ್‌ನಲ್ಲಿ ಇಡೀ ಯೋಜನೆಯನ್ನು ಮುಂದೂಡಿಬಿಟ್ಟರು. ಮಹಾ ನೈತಿಕ ಸವಾಲು ಎಂದವರೇ ಕೈಬಿಟ್ಟರೆ ಜನ ಏನು ಅಂದುಕೊಳ್ಳಬೇಕು? ಜನಪ್ರಿಯತೆ ದಡಕ್ಕನೆ ಇಳಿಯಿತು. ಜೂನ್ 24ಕ್ಕೆ ಉಪಪ್ರಧಾನಿ ಜೂಲಿಯಾ ಗಿಲಾರ್ಡ್ ಅವರ ಜಾಗಕ್ಕೆ ಬಂದರು. ಆಸ್ಟ್ರೇಲಿಯಾದ ಮೊದಲ ಮಹಿಳಾ ಪ್ರಧಾನಿ.

ಗಿಲಾರ್ಡ್ ಆಡಿದ ಒಂದು ಮಾತು

2010ರ ಆಗಸ್ಟ್ 16. ಚುನಾವಣೆಗೆ ಐದೇ ದಿನ ಬಾಕಿ. ಟಿವಿ ಸಂದರ್ಶನವೊಂದರಲ್ಲಿ ಗಿಲಾರ್ಡ್, ತಾನು ನಡೆಸುವ ಸರಕಾರದಲ್ಲಿ ಕಾರ್ಬನ್ ತೆರಿಗೆ ಇರುವುದಿಲ್ಲ ಎಂದು ಹೇಳಿದರು. ಹೊಗೆಗೆ ಬೆಲೆ ಕಟ್ಟುವುದೇ ಇಲ್ಲ ಅಂತ ಅವರು ಹೇಳಿರಲಿಲ್ಲ. ವ್ಯಾಪಾರ ಪದ್ಧತಿಯ ಪರವಾಗಿದ್ದೇನೆ ಅಂತ ಮತದಾನದ ಮುನ್ನಾದಿನವೂ ಪತ್ರಿಕೆಗೆ ಹೇಳಿದ್ದರು. ಆದರೆ ಜನರ ಕಿವಿಯಲ್ಲಿ ಉಳಿದದ್ದು ಮೊದಲ ವಾಕ್ಯ ಮಾತ್ರ.

ಫಲಿತಾಂಶ ಅತಂತ್ರ. ಲೇಬರ್‌ಗೆ 72, ಲಿಬರಲ್ ಕೂಟಕ್ಕೂ 72. ಸರಕಾರ ಉಳಿಯಬೇಕಾದರೆ ಗ್ರೀನ್ಸ್ ಮತ್ತು ಪಕ್ಷೇತರರು ಬೇಕು. ಗ್ರೀನ್ಸ್ ಕೇಳಿದ್ದು ಇಂಗಾಲದ ಬೆಲೆ. 2011ರ ಫೆಬ್ರವರಿ 24ರಂದು ಗಿಲಾರ್ಡ್ ಯೋಜನೆ ಪ್ರಕಟಿಸಿದರು: ಮೊದಲ ಮೂರರಿಂದ ಐದು ವರ್ಷ ಸರಕಾರವೇ ನಿಗದಿ ಮಾಡಿದ ದರ, ಆಮೇಲೆ ಮಾರುಕಟ್ಟೆಯ ದರ. ಕಾನೂನಿನ ಭಾಷೆಯಲ್ಲಿ ಇದು ತೆರಿಗೆಯಲ್ಲ, ಆರಂಭದಲ್ಲಿ ಸ್ಥಿರ ದರ ಇರುವ ವ್ಯಾಪಾರ ಪದ್ಧತಿ. ಆದರೆ ಆ ವರ್ಷಗಳಲ್ಲಿ ಅದು ನೋಡಲು ತೆರಿಗೆಯ ಹಾಗೆಯೇ ಇರುತ್ತದೆ. ಇದನ್ನು ತೆರಿಗೆ ಅನ್ನಬಹುದಾ ಅಂತ ಸಂದರ್ಶನದಲ್ಲಿ ಕೇಳಿದಾಗ, ಶಬ್ದದ ಬಗ್ಗೆ ಜಗಳ ಬೇಡ ಎಂದುಕೊಂಡು ಗಿಲಾರ್ಡ್ ಒಪ್ಪಿಬಿಟ್ಟರು. ಆ ಹೆಸರನ್ನು ಅಲ್ಲೇ ತಡೆಯದೆ ಹೋದದ್ದು ತಪ್ಪಾಯಿತು ಅಂತ ಅವರು ನಂತರ ಬರೆದುಕೊಂಡಿದ್ದಾರೆ.

ಅಬಾಟ್‌ಗೆ ಬೇಕಾಗಿದ್ದದ್ದು ಅದೇ. ಪ್ರಧಾನಿ ಸುಳ್ಳು ಹೇಳಿದರು, ಈಗ ಎಲ್ಲದರ ಮೇಲೂ ದೊಡ್ಡ ಹೊಸ ತೆರಿಗೆ ಹಾಕುತ್ತಿದ್ದಾರೆ. ಎರಡೇ ವಾಕ್ಯ. ಮೀನು ಸಂಸ್ಕರಣಾ ಘಟಕಕ್ಕೆ ಹೋದರೂ ಅದೇ, ಮಾಂಸದ ಅಂಗಡಿಗೆ ಹೋದರೂ ಅದೇ. ಎರಡೂವರೆ ವರ್ಷ ದೇಶ ಸುತ್ತಿ ಇದನ್ನೇ ಹೇಳಿದರು. 2011ರ ಮಾರ್ಚ್‌ನಲ್ಲಿ ಸಂಸತ್ತಿನ ಎದುರು ನಡೆದ ಪ್ರತಿಭಟನೆಯಲ್ಲಿ ಪ್ರಧಾನಿಯನ್ನು ಮಾಟಗಾತಿ ಎಂದು ಕರೆಯುವ ಫಲಕಗಳ ಮುಂದೆ ನಿಂತೇ ಅಬಾಟ್ ಭಾಷಣ ಮಾಡಿದರು. ಒಬ್ಬ ಪುರುಷ ಪ್ರಧಾನಿ ಮಾತು ತಪ್ಪಿದ್ದರೆ ಇದೇ ಭಾಷೆ ಬರುತ್ತಿತ್ತೇ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ.

ಅಷ್ಟಾದರೂ ಮಸೂದೆ ಪಾಸಾಯಿತು. ಕೆಳಮನೆಯಲ್ಲಿ 74–72, ಸೆನೆಟ್‌ನಲ್ಲಿ 36–32. 2012ರ ಜುಲೈ 1ರಿಂದ ಪ್ರತಿ ಟನ್‌ಗೆ 23 ಆಸ್ಟ್ರೇಲಿಯನ್ ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 1,300 ರೂಪಾಯಿ.

ಇದನ್ನು ಕಟ್ಟಬೇಕಾದವರು ಯಾರು? ವರ್ಷಕ್ಕೆ 25,000 ಟನ್‌ಗಿಂತ ಹೆಚ್ಚು ಹೊಗೆ ಬಿಡುವ ದೊಡ್ಡ ಘಟಕಗಳು ಮಾತ್ರ. ಮನೆಯವರು ಕಾರಿಗೆ ಹಾಕುವ ಪೆಟ್ರೋಲ್‌ಗೆ ಇಲ್ಲ, ಹೊಲ, ದನ–ಕುರಿ ಸಾಕಣೆಗೆ ಇಲ್ಲ. ಆದರೆ ಕರೆಂಟು ಕಂಪೆನಿ ತನ್ನ ಖರ್ಚನ್ನು ಬಿಲ್ಲಿಗೆ ಸೇರಿಸುತ್ತದೆ, ಅದು ಗೊತ್ತಿದ್ದದ್ದೇ. ಸರಾಸರಿ ಕುಟುಂಬಕ್ಕೆ ವಾರಕ್ಕೆ 9 ಡಾಲರ್ 90 ಸೆಂಟ್ ಹೆಚ್ಚುವರಿ ಖರ್ಚು ಬೀಳುತ್ತದೆ, ಪರಿಹಾರವಾಗಿ ಸರಾಸರಿ 10 ಡಾಲರ್ 10 ಸೆಂಟ್ ವಾಪಸ್ ಸಿಗುತ್ತದೆ ಎಂಬುದು ಹಣಕಾಸು ಇಲಾಖೆಯ ಅಂದಾಜು. ಪಿಂಚಣಿ ಹೆಚ್ಚಿಸಿದರು. ಆದಾಯ ತೆರಿಗೆ ಇಲ್ಲದ ಮಿತಿಯನ್ನು 6,000 ಡಾಲರ್‌ನಿಂದ 18,200ಕ್ಕೆ ಏರಿಸಿದರು. ಸಣ್ಣ ಸಂಬಳದ ಲಕ್ಷಾಂತರ ಜನರಿಗೆ ಇದರಿಂದ ಕೈಯಲ್ಲಿ ದುಡ್ಡು ಉಳಿಯಿತು.

ಇದು ಒಳ್ಳೆಯ ಯೋಜನೆ ಅಂತ ಅರ್ಥಶಾಸ್ತ್ರಜ್ಞರು ಹೇಳಿದರು. ಆದರೆ ಮನುಷ್ಯನ ಮನಸ್ಸು ಹಾಗೆ ಕೆಲಸ ಮಾಡುವುದಿಲ್ಲ ಮಾರಾಯ್ರೇ. ಮೆಸ್ಕಾಂ ಬಿಲ್ಲಿರಲಿ, ಗಡಿಯಾಚೆಯ ಕೆಎಸ್‌ಇಬಿ ಬಿಲ್ಲಿರಲಿ, ಏರಿದ ಮೊತ್ತ ಕಣ್ಣಿಗೆ ಕುಕ್ಕುತ್ತದೆ. ಬ್ಯಾಂಕ್ ಖಾತೆಗೆ ಸದ್ದಿಲ್ಲದೆ ಬಂದು ಬಿದ್ದ ಪರಿಹಾರ ಯಾರ ನೆನಪಲ್ಲೂ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ವರ್ಷಗಳಲ್ಲಿ ಆಸ್ಟ್ರೇಲಿಯಾದ ಕರೆಂಟು ಬಿಲ್ಲು ಏರಿದ್ದಕ್ಕೆ ದೊಡ್ಡ ಕಾರಣ ಇಂಗಾಲದ ಬೆಲೆಯಾಗಿರಲಿಲ್ಲ, ಕಂಬ–ತಂತಿಗಳ ಜಾಲಕ್ಕೆ ಕಂಪೆನಿಗಳು ಸುರಿದ ಬಂಡವಾಳವಾಗಿತ್ತು. ಅದನ್ನು ವಿವರಿಸಲು ಹತ್ತು ನಿಮಿಷ ಬೇಕು. ‘ಕಾರ್ಬನ್ ತೆರಿಗೆ’ ಎನ್ನಲು ಎರಡು ಸೆಕೆಂಡು ಸಾಕು.

ವಯಾಲಾ ಎಂಬ ಊರು

ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಕಡಲ ಬದಿಯಲ್ಲಿ ವಯಾಲಾ ಅಂತ ಒಂದು ಉಕ್ಕಿನ ಪೇಟೆ. ಇಪ್ಪತ್ತು ಸಾವಿರ ಚಿಲ್ಲರೆ ಜನ. ಇಡೀ ಊರು ನಿಂತಿರುವುದು ಒಂದು ಕಾರ್ಖಾನೆಯ ಮೇಲೆ. ಕಾರ್ಬನ್ ತೆರಿಗೆ ಬಂದರೆ ವಯಾಲಾ ಭೂಪಟದಿಂದಲೇ ಅಳಿಸಿಹೋಗುತ್ತದೆ ಎಂದು ಅಬಾಟ್ 2011ರಲ್ಲಿ ಎಚ್ಚರಿಸಿದ್ದರು. ನ್ಯಾಷನಲ್ಸ್‌ನ ಬಾರ್ನಬಿ ಜಾಯ್ಸ್, ಭಾನುವಾರದ ಊಟದ ಕುರಿಮಾಂಸಕ್ಕೆ 100 ಡಾಲರ್ ಆಗುತ್ತದೆ ಎಂದು ಹೆದರಿಸಿದ್ದರು.

2012ರ ಜುಲೈ 1 ಬಂತು, ಹೋಯಿತು. ವಯಾಲಾ ಇದ್ದಲ್ಲೇ ಇತ್ತು. ಕುರಿಮಾಂಸದ ಬೆಲೆಯೂ ಆಕಾಶಕ್ಕೆ ಹೋಗಲಿಲ್ಲ. ಖುಷಿ ತಡೆಯಲಾರದೆ ಲೇಬರ್ ಮಂತ್ರಿ ಕ್ರೇಗ್ ಎಮರ್ಸನ್ ಕ್ಯಾಮೆರಾಗಳ ಮುಂದೆ ವಯಾಲಾದ ಹೆಸರು ಸೇರಿಸಿ ಅಣಕು ಹಾಡು ಹಾಡಿ ಕುಣಿದರು. ಕೆಟ್ಟ ಕಂಠ, ಅದಕ್ಕಿಂತ ಕೆಟ್ಟ ರಾಜಕೀಯ. ಕೆಲಸದ ಭಯದಲ್ಲಿದ್ದ ಊರಿನ ಹೆಸರಲ್ಲಿ ಮಂತ್ರಿ ಕುಣಿದರೆ ಅಲ್ಲಿನ ಕಾರ್ಮಿಕನಿಗೆ ಹೇಗನ್ನಿಸೀತು? ವಿರೋಧಿಗಳು ಭಯ ಮಾರಿದರು, ಸರಿ. ಆದರೆ ಆ ಭಯಕ್ಕೆ ಮದ್ದು ಕೊಡಬೇಕಾಗಿದ್ದವರು ಅದನ್ನು ತಮಾಷೆ ಮಾಡಿದರು.

2013ರ ಜೂನ್‌ನಲ್ಲಿ ಲೇಬರ್ ಸಂಸದರು ಗಿಲಾರ್ಡ್‌ರನ್ನು ಕೆಳಗಿಳಿಸಿ ಮತ್ತೆ ರಡ್‌ರನ್ನೇ ಕೂರಿಸಿದರು. ಸೆಪ್ಟೆಂಬರ್‌ನಲ್ಲಿ ಅಬಾಟ್ ಭರ್ಜರಿಯಾಗಿ ಗೆದ್ದರು. ಬೆಲೆಯನ್ನು ರದ್ದು ಮಾಡಲು ಸೆನೆಟ್‌ನಲ್ಲಿ ಬೇಕಾದ ಓಟುಗಳು ಕ್ಲೈವ್ ಪಾಮರ್ ಎಂಬ ಗಣಿ ಉದ್ಯಮಿಯ ಸಣ್ಣ ಪಕ್ಷದ ಕೈಯಲ್ಲಿದ್ದವು. ಪಾಮರ್ ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪತ್ರಿಕಾಗೋಷ್ಠಿ ಮಾಡಿ, ಬೆಲೆ ರದ್ದಿಗೆ ಓಟು ಕೊಡುತ್ತೇವೆ, ಆದರೆ ಸ್ವಚ್ಛ ಇಂಧನಕ್ಕೆ ಸಾಲ ಕೊಡುವ ಸರಕಾರಿ ನಿಗಮ ಮುಚ್ಚಲು ಬಿಡುವುದಿಲ್ಲ ಎಂದರು. ಪರಿಸರವಾದಿಗಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆ ನಿಗಮ ಇಂದಿಗೂ ಉಳಿದಿದೆ. ಇಂಗಾಲದ ಬೆಲೆ ಉಳಿಯಲಿಲ್ಲ. 2014ರ ಜುಲೈ 17ರಂದು ಸೆನೆಟ್ 39–32ರಿಂದ ಅದನ್ನು ರದ್ದು ಮಾಡಿತು. ಒಮ್ಮೆ ಜಾರಿಗೆ ಬಂದ ಇಂಗಾಲದ ಬೆಲೆಯನ್ನು ಹೀಗೆ ಕಿತ್ತುಹಾಕಿದ ಮೊದಲ ದೇಶ ಆಸ್ಟ್ರೇಲಿಯಾ.

ಆ ಎರಡು ವರ್ಷಗಳಲ್ಲಿ ಏನಾಯಿತು? ವಿದ್ಯುತ್ ವಲಯದ ಹೊಗೆ ಇಳಿಯಿತು. ಎಲ್ಲವೂ ಬೆಲೆಯ ಫಲವಲ್ಲ. ಕರೆಂಟಿನ ಬೇಡಿಕೆಯೂ ಇಳಿದಿತ್ತು, ಒಳ್ಳೆಯ ದರ ಸಿಗುವ ಕಾಲದಲ್ಲೇ ಮಾರಿಬಿಡೋಣ ಅಂತ ಟಾಸ್ಮೇನಿಯಾದ ಜಲವಿದ್ಯುತ್ ನಿಗಮ ಅಣೆಕಟ್ಟಿನ ನೀರನ್ನು ಹೆಚ್ಚು ಖಾಲಿ ಮಾಡಿತ್ತು. ಆದರೆ ರದ್ದಾದ ಮೇಲೆ ಕಲ್ಲಿದ್ದಲು ಸ್ಥಾವರಗಳ ಹೊಗೆ ಮತ್ತೆ ಏರಿದ್ದು ಲೆಕ್ಕದಲ್ಲಿದೆ. ಕಾರಣ ಸರಳ. 23 ಡಾಲರ್ ದರದಲ್ಲಿ ಸಾವಿರ ಯೂನಿಟ್ ಕಂದು ಕಲ್ಲಿದ್ದಲಿನ ಕರೆಂಟಿಗೆ 30 ಡಾಲರ್‌ಗೂ ಹೆಚ್ಚು ಹೊರೆ ಬೀಳುತ್ತಿತ್ತು, ಒಳ್ಳೆಯ ಗ್ಯಾಸ್ ಸ್ಥಾವರಕ್ಕೆ ಹತ್ತರ ಆಸುಪಾಸು, ಗಾಳಿಯಂತ್ರಕ್ಕೆ ಸೊನ್ನೆ. ಆ ತಕ್ಕಡಿಯನ್ನೇ ತೆಗೆದುಹಾಕಿದ ಮೇಲೆ ಹಳೇ ಸ್ಥಾವರಗಳಿಗೆ ಮತ್ತೆ ಹುರುಪು ಬಂತು.

ವಯಾಲಾದ ಕಥೆ ಮಾತ್ರ ಮುಗಿದಿರಲಿಲ್ಲ. ತೆರಿಗೆ ಹೋಗಿ ಎರಡು ವರ್ಷವೂ ತುಂಬುವ ಮೊದಲೇ, 2016ರ ಏಪ್ರಿಲ್‌ನಲ್ಲಿ, ಕಾರ್ಖಾನೆಯ ಮಾಲಕ ಕಂಪೆನಿ ದಿವಾಳಿಯ ಅಂಚಿಗೆ ಬಂತು. ಕಾರಣ ಸಾಲ, ಮತ್ತು ಜಾಗತಿಕ ಮಾರುಕಟ್ಟೆಯಲ್ಲಿ ಕುಸಿದ ಉಕ್ಕು–ಅದಿರಿನ ಬೆಲೆ. ಪಂಜಾಬಿನಲ್ಲಿ ಹುಟ್ಟಿದ ಬ್ರಿಟಿಷ್ ಉದ್ಯಮಿ ಸಂಜೀವ್ ಗುಪ್ತಾ ಅದನ್ನು ಕೊಂಡರು. 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಅವರ ಕೈಯಿಂದಲೂ ಕಸಿದು ಆಡಳಿತಾಧಿಕಾರಿಗಳಿಗೆ ಒಪ್ಪಿಸಿತು. ಲಟ್ರೋಬ್ ಕಣಿವೆಯ ಹೇಝಲ್‌ವುಡ್ ಸ್ಥಾವರ ಬಾಗಿಲು ಹಾಕಿದ್ದೂ ತೆರಿಗೆ ಹೋದ ಮೇಲೆಯೇ, 2017ರ ಮಾರ್ಚ್‌ನಲ್ಲಿ. ಮುಚ್ಚುತ್ತೇವೆ ಅಂತ ಹೇಳಿದ್ದು ಬರೀ ಐದು ತಿಂಗಳು ಮೊದಲು. ನೂರಾರು ಜನರ ಕೆಲಸ ಹೋಯಿತು. ಇಂಗಾಲದ ಬೆಲೆಯಿಂದ ಬರುತ್ತಿದ್ದ ದುಡ್ಡು ಇದ್ದಿದ್ದರೆ ಅಂಥ ಊರುಗಳಿಗೆ ಹಂಚಲು ಏನಾದರೂ ಇರುತ್ತಿತ್ತು.

ಅಬಾಟ್‌ರ ಮುಖ್ಯ ಸಲಹೆಗಾರ್ತಿಯಾಗಿದ್ದ ಪೆಟಾ ಕ್ರೆಡ್ಲಿನ್ 2017ರಲ್ಲಿ ಟಿವಿಯಲ್ಲಿ ಕೂತು ಒಂದು ಮಾತು ಒಪ್ಪಿಕೊಂಡರು: ಅದು ನಿಜಕ್ಕೂ ಕಾರ್ಬನ್ ತೆರಿಗೆಯಾಗಿರಲಿಲ್ಲ, ನಾವು ಹಾಗೆ ಮಾಡಿದೆವು, ಅದೊಂದು ನಿರ್ದಯ ರಾಜಕೀಯ. ಅಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಹಿಂಬಾಗಿಲಿನಿಂದ ಬಂದ ಬೆಲೆ

ಬೆಲೆಯ ಜಾಗಕ್ಕೆ ಅಬಾಟ್ ತಂದದ್ದು ಉಲ್ಟಾ ಪದ್ಧತಿ. ಹೊಗೆ ಬಿಡುವವನಿಂದ ದುಡ್ಡು ತೆಗೆದುಕೊಳ್ಳುವುದಲ್ಲ, ಹೊಗೆ ಕಡಿಮೆ ಮಾಡಿದವನಿಗೆ ಜನರ ತೆರಿಗೆಯಿಂದ ದುಡ್ಡು ಕೊಡುವುದು. ಅದಕ್ಕೆ 255 ಕೋಟಿ ಡಾಲರ್ ತೆಗೆದಿಟ್ಟರು. ಅದರ ಜೊತೆಗೆ ಯಾರ ಗಮನಕ್ಕೂ ಬಾರದ ಒಂದು ಸಣ್ಣ ನಿಯಮವೂ ಇತ್ತು. ವರ್ಷಕ್ಕೆ 1,00,000 ಟನ್‌ಗಿಂತ ಹೆಚ್ಚು ಹೊಗೆ ಬಿಡುವ ಘಟಕಗಳು ತಮಗೆ ಹಾಕಿದ ಮಿತಿ ಮೀರಬಾರದು ಎಂಬ ನಿಯಮ. 2016ರಲ್ಲಿ ಜಾರಿಗೆ ಬಂತು. ಹೆಸರು ಸೇಫ್‌ಗಾರ್ಡ್. ಮಿತಿ ಎಷ್ಟು ಸಡಿಲವಾಗಿತ್ತೆಂದರೆ ಯಾರಿಗೂ ಬಿಸಿ ತಟ್ಟಲಿಲ್ಲ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ.

2015ರಲ್ಲಿ ಟರ್ನ್‌ಬುಲ್ ಅಬಾಟ್‌ರನ್ನು ಇಳಿಸಿ ಪ್ರಧಾನಿಯಾದರು. 2018ರ ಆಗಸ್ಟ್‌ನಲ್ಲಿ ವಿದ್ಯುತ್ ವಲಯದ ಹೊಗೆ ಇಳಿಸುವ ಒಂದು ಸೌಮ್ಯ ಯೋಜನೆ ಮುಂದಿಟ್ಟರು. ಪಕ್ಷ ಮತ್ತೆ ಬಂಡೆದ್ದಿತು. ಹೆದರಿ ಯೋಜನೆ ವಾಪಸ್ ಪಡೆದರೂ ಕುರ್ಚಿ ಉಳಿಯಲಿಲ್ಲ. ಒಂಬತ್ತು ವರ್ಷಗಳ ಅಂತರದಲ್ಲಿ ಅದೇ ಮನುಷ್ಯ, ಅದೇ ಪಕ್ಷ, ಅದೇ ವಿಷಯ. ಬಂದವರು ಸ್ಕಾಟ್ ಮಾರಿಸನ್. ಹಣಕಾಸು ಮಂತ್ರಿಯಾಗಿದ್ದಾಗ, 2017ರಲ್ಲಿ, ಸಂಸತ್ತಿಗೆ ಕಲ್ಲಿದ್ದಲಿನ ಗಟ್ಟಿ ಹಿಡಿದುಕೊಂಡು ಬಂದು ಹೆದರಬೇಡಿ ಎಂದು ಲೇಬರ್‌ನವರನ್ನು ಅಣಕಿಸಿದ್ದವರು ಇವರೇ. ಕೈಗೆ ಮಸಿ ಹತ್ತದಂತೆ ಅದಕ್ಕೆ ಲೇಪ ಹಚ್ಚಲಾಗಿತ್ತು ಎಂದು ಪತ್ರಿಕೆಗಳು ಬರೆದವು.

2019ರ ಚುನಾವಣೆಗೆ ಮುಂಚೆ ಅದಾನಿ ಗಣಿಯ ವಿರುದ್ಧ ಗ್ರೀನ್ಸ್‌ನ ಮಾಜಿ ನಾಯಕ ಬಾಬ್ ಬ್ರೌನ್ ದಕ್ಷಿಣದಿಂದ ಕ್ವೀನ್ಸ್‌ಲ್ಯಾಂಡಿಗೆ ವಾಹನ ಜಾಥಾ ಕೊಂಡುಹೋದರು. ನಮ್ಮ ಕೆಲಸ ಕಸಿಯಲು ಪಟ್ಟಣದವರು ಬಂದಿದ್ದಾರೆ ಅಂತ ಗಣಿ ಪ್ರದೇಶದ ಜನರಿಗೆ ಅನ್ನಿಸಿತು. ಗೆಲ್ಲುವುದು ಖಚಿತ ಅಂತ ಸಮೀಕ್ಷೆಗಳು ಹೇಳಿದ್ದ ಲೇಬರ್ ಸೋತಿತು. ಅದೇ ವರ್ಷದ ಕೊನೆಗೆ ಕಾಡಿಗೆ ಬೆಂಕಿ ಬಿದ್ದು ಸಿಡ್ನಿಯ ಆಕಾಶ ವಾರಗಟ್ಟಲೆ ಹೊಗೆಯಲ್ಲಿ ಮುಚ್ಚಿಹೋಯಿತು. ಆ ಬೇಸಗೆಯಲ್ಲಿ ಮಾರಿಸನ್ ಹವಾಯಿಗೆ ರಜೆಗೆ ಹೋದದ್ದನ್ನು ಜನ ಮರೆಯಲಿಲ್ಲ.

2022ರಲ್ಲಿ ಲೇಬರ್‌ನ ಆಂಟನಿ ಅಲ್ಬನೀಸ್ ಗೆದ್ದರು. ಅವರು ಕಾರ್ಬನ್ ತೆರಿಗೆ ಎಂಬ ಶಬ್ದದ ಹತ್ತಿರಕ್ಕೂ ಹೋಗಲಿಲ್ಲ. ಮಾಡಿದ್ದೇನೆಂದರೆ, ಅಬಾಟ್ ಬಿಟ್ಟುಹೋದ ಆ ಹಲ್ಲಿಲ್ಲದ ಸೇಫ್‌ಗಾರ್ಡ್ ನಿಯಮಕ್ಕೆ ಹಲ್ಲು ಜೋಡಿಸಿದರು. 2023ರ ಜುಲೈಯಿಂದ ಸುಮಾರು 200 ದೊಡ್ಡ ಗಣಿ, ಗ್ಯಾಸ್, ಉಕ್ಕು, ಸಿಮೆಂಟ್ ಘಟಕಗಳ ಮಿತಿಯನ್ನು 2030ರವರೆಗೆ ವರ್ಷಕ್ಕೆ ಶೇ. 4.9ರಂತೆ ಇಳಿಸಲಾಗುತ್ತದೆ. ಮಿತಿ ಮೀರಿದವನು ಕ್ರೆಡಿಟ್ ಕೊಂಡು ಸರಿದೂಗಿಸಬೇಕು. ಮಿತಿಯೊಳಗೆ ಉಳಿದವನು ಉಳಿಸಿದ್ದನ್ನು ಮಾರಬಹುದು. ಸರಕಾರದಿಂದಲೇ ಕೊಳ್ಳುವವನಿಗೆ ಟನ್‌ಗೆ 75 ಡಾಲರ್‌ನಿಂದ ಆರಂಭವಾದ ಗರಿಷ್ಠ ದರವಿದೆ. ಇದು ಇಂಗಾಲದ ಬೆಲೆ ಅಲ್ಲದಿದ್ದರೆ ಇನ್ನೇನು? ಲಿಬರಲ್ ಪಕ್ಷ ಇದೂ ತೆರಿಗೆಯೇ ಅಂತ ಕೂಗಿತು. ಈ ಸಲ ಕೂಗು ಅಷ್ಟು ದೂರ ಹೋಗಲಿಲ್ಲ. ಗ್ರೀನ್ಸ್ ಕೂಡಾ ಪಾಠ ಕಲಿತಿದ್ದರು. ಒಟ್ಟು ಹೊಗೆಗೆ ಗಟ್ಟಿ ಮಿತಿ ಬೇಕು ಎಂಬ ಷರತ್ತು ಹಾಕಿ ಓಟು ಕೊಟ್ಟರು.

ದೋಷಗಳಿಲ್ಲ ಅಂತಲ್ಲ. ಕರೆಂಟು ಮಾಡುವ ಸ್ಥಾವರಗಳಿಗೆ ಈ ಇಳಿಯುವ ಮಿತಿ ಅನ್ವಯಿಸುವುದಿಲ್ಲ. ಕಂಪೆನಿಗಳು ಕೊಳ್ಳುವ ಕ್ರೆಡಿಟ್‌ಗಳಲ್ಲಿ ದೊಡ್ಡ ಪಾಲು ಒಳನಾಡಿನ ಒಣಭೂಮಿಯಲ್ಲಿ ಗಿಡಮರ ಮತ್ತೆ ಬೆಳೆದಿದೆ ಅಂತ ತೋರಿಸಿ ಪಡೆದದ್ದು. ಆ ಮರಗಳು ನಿಜಕ್ಕೂ ಬೆಳೆದಿವೆಯೇ, ಮಳೆಯಿಂದ ಹೇಗಿದ್ದರೂ ಬೆಳೆಯುತ್ತಿದ್ದವೇ ಅಂತ ಆ ಪದ್ಧತಿಯ ಒಳಗೇ ಕೆಲಸ ಮಾಡಿದ್ದ ಪ್ರೊಫೆಸರ್ ಆಂಡ್ರ್ಯೂ ಮ್ಯಾಕಿಂಟೋಷ್ 2022ರಲ್ಲಿ ಬಹಿರಂಗವಾಗಿ ಪ್ರಶ್ನೆ ಎತ್ತಿದರು. ಇನ್ನು ಹಡಗು ಹತ್ತಿ ಭಾರತಕ್ಕೋ ಜಪಾನಿಗೋ ಹೋಗುವ ಕಲ್ಲಿದ್ದಲು ಉರಿದಾಗ ಬರುವ ಹೊಗೆ ಆಸ್ಟ್ರೇಲಿಯಾದ ಲೆಕ್ಕಕ್ಕೇ ಬರುವುದಿಲ್ಲ. ಅದು ಕೊಂಡವರ ಖಾತೆಗೆ.

ಭಾರತದಲ್ಲಿ ಹೊಗೆಗೆ ಬೆಲೆ ಹಾಕಲೇ ಇಲ್ಲವೇ ಅಂದರೆ, ಹಾಕಿತ್ತು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್‌ಗೆ 50 ರೂಪಾಯಿ ಸೆಸ್ ಶುರುವಾಯಿತು, 2016ಕ್ಕೆ 400 ರೂಪಾಯಿ ಆಯಿತು. ಯಾವ ಸರಕಾರವೂ ಬೀಳಲಿಲ್ಲ, ಹೆಚ್ಚಿನವರಿಗೆ ಗೊತ್ತೂ ಆಗಲಿಲ್ಲ. ಸ್ವಚ್ಛ ಇಂಧನಕ್ಕೆ ಅಂತ ಶುರುವಾದ ಆ ಸೆಸ್ 2017ರಲ್ಲಿ ಜಿಎಸ್‌ಟಿ ಪರಿಹಾರ ನಿಧಿಗೆ ಹೋಯಿತು, 2025ರ ಸೆಪ್ಟೆಂಬರ್‌ನಲ್ಲಿ ರದ್ದಾಗಿ ಕಲ್ಲಿದ್ದಲಿನ ಜಿಎಸ್‌ಟಿ ಶೇ. 5ರಿಂದ 18ಕ್ಕೆ ಏರಿತು. ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಿದವರು ಕಡಿಮೆ. 2023ರಲ್ಲಿ ಅಧಿಸೂಚನೆಯಾದ ನಮ್ಮ ಕಾರ್ಬನ್ ಕ್ರೆಡಿಟ್ ಯೋಜನೆಯೂ ಆಸ್ಟ್ರೇಲಿಯಾದ ಸೇಫ್‌ಗಾರ್ಡ್‌ನ ಜಾತಿಯದ್ದೇ. ಸಿಮೆಂಟ್, ಅಲ್ಯೂಮಿನಿಯಂನಂಥ ಉದ್ದಿಮೆಗಳಿಗೆ ಗುರಿ ಹಾಕಿ, ಮೀರಿದವರು ಕ್ರೆಡಿಟ್ ಕೊಳ್ಳುವ ಪದ್ಧತಿ.

ಆಸ್ಟ್ರೇಲಿಯಾದಲ್ಲಿ 2025ರ ಮೇ ಚುನಾವಣೆಯಲ್ಲಿ ಅಲ್ಬನೀಸ್ ಇನ್ನೂ ದೊಡ್ಡ ಬಹುಮತದಿಂದ ಮರಳಿದರು. ವಿರೋಧ ಪಕ್ಷದ ನಾಯಕ ಪೀಟರ್ ಡಟನ್ ಸ್ವಂತ ಕ್ಷೇತ್ರದಲ್ಲೇ ಸೋತರು. ಸೆಪ್ಟೆಂಬರ್‌ನಲ್ಲಿ ಸರಕಾರ 2035ರೊಳಗೆ 2005ರ ಮಟ್ಟಕ್ಕಿಂತ ಶೇ. 62ರಿಂದ 70ರಷ್ಟು ಇಳಿಸುವ ಗುರಿ ಪ್ರಕಟಿಸಿತು. ನವೆಂಬರ್‌ನಲ್ಲಿ ಲಿಬರಲ್ ಪಕ್ಷ, 2050ರೊಳಗೆ ಹೊಗೆಯನ್ನು ನಿವ್ವಳ ಶೂನ್ಯಕ್ಕೆ ತರುವ ಗುರಿಯನ್ನೇ ತನ್ನ ನೀತಿಯಿಂದ ತೆಗೆದುಹಾಕಿತು. ಸೇಫ್‌ಗಾರ್ಡ್ ನಿಯಮದ ಮರುಪರಿಶೀಲನೆ 2026–27ರಲ್ಲಿ ನಡೆಯಬೇಕಿದೆ. 2030ರ ನಂತರ ಮಿತಿ ಎಷ್ಟು ವೇಗದಲ್ಲಿ ಇಳಿಯಬೇಕು, ಆಮದಾಗುವ ಉಕ್ಕು–ಸಿಮೆಂಟಿಗೂ ಸುಂಕ ಬೇಕೇ ಎಂಬ ವಿಷಯಗಳು ಆಗ ಮೇಜಿನ ಮೇಲೆ ಬರಲಿವೆ.